ಕೃಷಿ ವಿದ್ಯೆಗೆ ನಮ್ಮ ದಾನ ಎಲ್ಲಿ ಮುಟ್ಟಬೇಕು?

ಅಕ್ಷಯ ತೃತೀಯೆಯ ದಿನ ನಮ್ಮ ಬಸದಿಗಳಲ್ಲಿ ಕಬ್ಬಿನ ಹಾಲು ಹಂಚುವುದು ವಾಡಿಕೆ. ಅದರ ಹಿಂದಿನ ಕಥೆ ಮಕ್ಕಳಿಗೂ ಗೊತ್ತು. ಆದಿನಾಥ ಸ್ವಾಮಿ ದೀಕ್ಷೆ ಪಡೆದು ಆರು ತಿಂಗಳು ಉಪವಾಸವಿದ್ದು, ಬಳಿಕ ಆಹಾರಕ್ಕೆಂದು ಹೊರಟರೆ ತಿಂಗಳುಗಟ್ಟಲೆ ಆಹಾರವೇ ಸಿಗಲಿಲ್ಲ. ಜನರಲ್ಲಿ ಭಕ್ತಿಗೇನೂ ಕೊರತೆಯಿರಲಿಲ್ಲ. ರತ್ನ ತಂದರು, ಆನೆ ಕುದುರೆ ತಂದರು, ಕನ್ಯೆಯರನ್ನು ತಂದು ಮುಂದೆ ನಿಲ್ಲಿಸಿದರು. ಮುನಿಗೆ ಏನು ಬೇಕೆಂಬುದು ಮಾತ್ರ ಯಾರಿಗೂ ತಿಳಿಯದು. ಕೊನೆಗೆ ಹಸ್ತಿನಾಪುರದ ಶ್ರೇಯಾಂಸ ರಾಜನಿಗೆ ಪೂರ್ವಜನ್ಮದ ಸ್ಮರಣೆಯಾಗಿ ದಾನದ ವಿಧಿ ನೆನಪಾಯಿತು. ಇಕ್ಷುರಸ ಕೊಟ್ಟ, ಪಾರಣೆಯಾಯಿತು. ಈ ಯುಗದ ಮೊದಲ ಆಹಾರದಾನ ಹೊಲದ ಬೆಳೆಯಿಂದ ಆದದ್ದು ಎಂಬುದನ್ನು ವ್ಯಾಪಾರಸ್ಥರಾದ ನಾವು ಅಷ್ಟಾಗಿ ಎಣಿಸುವುದಿಲ್ಲ.

ಈ ಕಥೆ ಈಗ ಹೀಗೆ ನೆನಪಾಗಲು ನಮ್ಮದೇ ಒಂದು ತಪ್ಪು ಕಾರಣ. ಓದುಗರ ಮುಂದೆ ಅದನ್ನು ಮೊದಲು ಹೇಳಿಬಿಡುತ್ತೇವೆ.

ಸೋಲಾಪುರ ಸೀಮೆಯ ನಮ್ಮ ಪೇಟೆಯಲ್ಲಿ ನಮ್ಮದು ಅಡತ ಅಂಗಡಿ. ಅಲ್ಲಿ ಚೀಲ ಹೊರುವ ಹಮಾಲರೊಬ್ಬರ ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಗುಣ ಪಡೆದಳು. ಎರಡು ವರ್ಷದ ಕೃಷಿ ಡಿಪ್ಲೊಮಾಕ್ಕೆ ಜಾಗ ಸಿಕ್ಕಿತು. ನಾವು ನಾಲ್ಕು ಮನೆಯವರು ಸೇರಿ ಮೊದಲ ವರ್ಷದ ಫೀ ತುಂಬಿದೆವು. ಬಸದಿಯ ಸಭಾಮಂಟಪದಲ್ಲಿ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆಸಿಕೊಂಡೆವು. ಫೋಟೋ ಇನ್ನೂ ಇದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಪಕ್ಕದ ವಖಾರಿಯಲ್ಲಿ ಉಳ್ಳಾಗಡ್ಡಿ ಆರಿಸುವ ಹೆಂಗಸರ ಸಾಲಿನಲ್ಲಿ ಆ ಹುಡುಗಿ ಕೂತಿದ್ದನ್ನು ಕಂಡೆವು. ತಂದೆಯನ್ನು ಕರೆದು ವಿಚಾರಿಸಿದೆವು.

“ಸಾವ್ಕಾರ್ರ, ಫೀ ನೀವು ತುಂಬಿದ್ರಿ, ಖರೆ. ಆದ್ರ ಮೆಸ್ಸಿಗಿ ತಿಂಗಳಾ ತಿಂಗಳಾ ರೊಕ್ಕ ಎಲ್ಲಿಂದ ತರೂಣ್ರಿ? ಆಕಿ ಕೂಲಿನೂ ಬಂದ್ ಆತು. ಮತ್ತ ನಿಮ್ಮನ್ನ ಕೇಳಾಕ ನಾಚಿಕಿ ಆತ್ರಿ.”

ನಾವು ಏನೂ ಮಾತಾಡಲಿಲ್ಲ. ಮಾತಾಡಲು ಇತ್ತೇನು? ಆನೆ ಕುದುರೆ ಕೊಟ್ಟವರ ಸಾಲಿನಲ್ಲಿ ನಾವೂ ನಿಂತಿದ್ದೆವು. ಎರಡು ವರ್ಷದ ಓದಿಗೆ ಬೇಕಾದ ಹಣದಲ್ಲಿ ಫೀ ಎಂಬುದು ಸಣ್ಣ ಭಾಗ. ದೊಡ್ಡ ಭಾಗವೆಂದರೆ ಊಟ, ವಸತಿ, ಬಸ್ಸು, ಪುಸ್ತಕ, ಹೊಲಕ್ಕಿಳಿಯುವ ಬೂಟು. ಎಲ್ಲಕ್ಕಿಂತ ಮಿಗಿಲಾಗಿ ಮನೆಗೆ ಬರುತ್ತಿದ್ದ ಕೂಲಿ ನಿಂತುಹೋಗುವುದು. ಅಂಗಡಿಯಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ ರಾತ್ರಿಯವರೆಗೆ ಕೀರ್ದಿ ತಿರುವುವ ನಾವು ದಾನದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದೆವು.

ಇಂಥ ಲೆಕ್ಕವನ್ನು ಪೂರ್ತಿ ಮಾಡಿದ ಒಬ್ಬರು ನಮ್ಮ ಸಮಾಜದಲ್ಲೇ ಆಗಿಹೋಗಿದ್ದಾರೆ. ಕರ್ಮವೀರ ಭಾವುರಾವ್ ಪಾಟೀಲರ ಹೆಸರನ್ನು ಸಾಂಗಲಿ, ಸಾತಾರಾ, ಸೋಲಾಪುರದ ಕಡೆ ಕೇಳದವರಿಲ್ಲ. ಕಾಸರಗೋಡು, ಮಡಕಶಿರಾ ಕಡೆಯ ನಮ್ಮ ಓದುಗರಿಗೆ ಅಷ್ಟು ಪರಿಚಯವಿರಲಾರದು. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದರು. ಹಿರಿಯರು ಮೂಡಬಿದಿರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಕೊಲ್ಹಾಪುರದಲ್ಲಿ ನಮ್ಮವರದೇ ಬೋರ್ಡಿಂಗಿನಲ್ಲಿ ಓದುತ್ತಿದ್ದಾಗ ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದರು. ಬಂದಮೇಲೆ ಸ್ನಾನ ಮಾಡಲು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಿಸಿಕೊಂಡರು. ನಾವು ಅವರನ್ನು ಇಂದು ಹೆಮ್ಮೆಯಿಂದ ನಮ್ಮವರೆನ್ನುತ್ತೇವೆ. ಅಂದು ಹೊರಗೆ ಹಾಕಿದವರೂ ನಮ್ಮವರೇ ಎಂಬುದನ್ನು ಮರೆಯಬಾರದು.

ಭಾವುರಾಯರು ಮಾಡಿದ ಕಸುಬು ಯಾವುದೆಂದರೆ ನಮ್ಮ ಓದುಗರಿಗೆ ಖುಷಿಯಾದೀತು. ಅವರು ಮಾರಾಟಗಾರರು. ಕಿರ್ಲೋಸ್ಕರರ ಕಬ್ಬಿಣದ ನೇಗಿಲನ್ನು ಹಳ್ಳಿಹಳ್ಳಿಗೆ ಕೊಂಡೊಯ್ದು ಮಾರುತ್ತಿದ್ದರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಆ ಕಾರಖಾನೆಯ ನೇಗಿಲು ಹೊಸದಾಗಿ ಬಂದಾಗ, ಕಬ್ಬಿಣ ನೆಲಕ್ಕೆ ವಿಷವೆಂದು ರೈತರು ಹಿಂಜರಿದಿದ್ದರು. ಹಾಗೆ ನೇಗಿಲು ಮಾರುತ್ತ ಬಾಂಧಿನ ಮೇಲೆ ಕೂತು, ರೈತರ ಪಡಸಾಲೆಯಲ್ಲಿ ಉಂಡು, ಅವರು ಕಂಡದ್ದು ಒಂದೇ. ಸಾಲದ ಚೀಟಿಯಲ್ಲಿ ಏನು ಬರೆದಿದೆಯೆಂದು ಓದಲಾರದ ರೈತ ಒಳ್ಳೆಯ ನೇಗಿಲಿನಿಂದಲೂ ಉದ್ಧಾರವಾಗುವುದಿಲ್ಲ. (ಆ ಚೀಟಿಗಳಲ್ಲಿ ಕೆಲವು ನಮ್ಮ ಅಜ್ಜಂದಿರ ಕೈಬರಹದವೂ ಇದ್ದಾವು!) 1919ರ ವಿಜಯದಶಮಿಯಂದು ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಹೆಸರಿನಲ್ಲೇ ರೈತನಿದ್ದಾನೆ.

1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗು ಆರಂಭವಾಯಿತು. 1927ರಲ್ಲಿ ಮಹಾತ್ಮಾ ಗಾಂಧಿಯವರ ಹಸ್ತದಿಂದ ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗು ಎಂದು ನಾಮಕರಣವಾಯಿತು. ಬೋರ್ಡಿಂಗಿನ ಖರ್ಚು ನಡೆದದ್ದು ಹೇಗೆ ಎಂಬುದನ್ನು ನಾವು ಗಮನಿಸಬೇಕು. ಹುಡುಗರು ಹೊಲದಲ್ಲಿ ದುಡಿದರು. ಕಲ್ಲುನೆಲ ಹಸನು ಮಾಡಿದರು, ಬೆಳೆ ತೆಗೆದರು, ಓದಿದರು. ಗಳಿಸುತ್ತ ಕಲಿಯುವ ಪದ್ಧತಿ ಅದು. ಕೃಷಿ ಅವರಿಗೆ ಪಾಠವೂ ಆಯಿತು, ಫೀಯೂ ಆಯಿತು. ಹಳ್ಳಿಯ ತಾಯಂದಿರು ಅಡುಗೆಗೆ ಮೊದಲು ಒಂದು ಹಿಡಿ ಧಾನ್ಯ ತೆಗೆದಿಟ್ಟು ‘ಮುಷ್ಟಿಫಂಡಿ’ಗೆ ಹಾಕಿದರು. ಅದೂ ಸಾಲದೆ ಹೋದಾಗ ಭಾವುರಾಯರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಕೊಟ್ಟರು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಅವರು 1930ರಲ್ಲಿ ತೀರಿಕೊಂಡರು. ಸೋಲಾಪುರದಲ್ಲಿ ಅವರ ಹೆಸರಿನ ಮಹಿಳಾ ಕಾಲೇಜಿದೆ. ಅದರ ಮುಂದೆ ದಿನವೂ ಹಾಯ್ದುಹೋಗುವ ನಮ್ಮಲ್ಲಿ ಎಷ್ಟು ಜನ ಆ ಫಲಕದ ಹಿಂದಿನ ಮಂಗಳಸೂತ್ರದ ಸಂಗತಿ ಬಲ್ಲರು?

ಲಕ್ಷ್ಮೀಬಾಯಿಯವರ ಒಡವೆ ಹೋದದ್ದು ಕಟ್ಟಡಕ್ಕಲ್ಲ, ಫಲಕಕ್ಕಲ್ಲ. ಹುಡುಗರ ಅಂದಿನ ಊಟಕ್ಕೆ. ಇಡೀ ಸಂಸ್ಥೆ ನಿಂತದ್ದು ಅಂಥ ಊಟದ ಮೇಲೆ. ಭಾವುರಾಯರು 1959ರ ಮೇ 9ರಂದು ನಿಧನರಾದರು. ಅದೇ ವರ್ಷ ಪದ್ಮಭೂಷಣ ಬಂದಿತ್ತು. ಸಂಸ್ಥೆಯ ಶಾಖೆಗಳು ಇಂದು ಏಳುನೂರಕ್ಕೂ ಮಿಕ್ಕಿವೆ.

ಇನ್ನು ನಮ್ಮ ಹಿರಿಯರು ಎತ್ತುವ ಒಂದು ಆಕ್ಷೇಪಣೆಗೆ ಬರೋಣ. ನಮ್ಮ ಬಸದಿಯ ಸಭೆಯಲ್ಲೇ ಒಬ್ಬ ವಯೋವೃದ್ಧರು ಕೇಳಿದರು: “ಉಳುಮಿ ಅಂದ್ರ ಜೀವಹಿಂಸಾ. ಅದನ್ನ ಕಲಸಾಕ ಬಸದಿ ರೊಕ್ಕ ಹಾಕೂದು ಧರ್ಮೇನ್ರಿ?” ಪ್ರಶ್ನೆ ಹಗುರವಾದದ್ದಲ್ಲ. ನೆಲ ಅಗೆಯುವ ಉದ್ಯೋಗವನ್ನು ಶ್ರಾವಕರು ಬಿಡಬೇಕೆಂದು ಹೇಳುವ ಗ್ರಂಥಗಳಿವೆ. ಆದರೆ ಕರ್ಮಭೂಮಿಯ ಆರಂಭದಲ್ಲಿ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಜನರಿಗೆ ಕಲಿಸಿದವರು ಆದಿನಾಥ ಸ್ವಾಮಿಯೇ ಎಂದು ಜಿನಸೇನಾಚಾರ್ಯರ ಪುರಾಣ ಹೇಳುತ್ತದೆ. ಆ ಪಟ್ಟಿಯಲ್ಲಿ ಕೃಷಿ ವಾಣಿಜ್ಯಕ್ಕಿಂತ ಮೊದಲು ಬರುತ್ತದೆ. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆ ಬೇರೆ, ಗೃಹಸ್ಥನ ಜೀವನೋಪಾಯದಲ್ಲಿ ತಪ್ಪದೆ ಬರುವ ಹಿಂಸೆ ಬೇರೆ ಎಂದು ನಮ್ಮ ಆಚಾರ್ಯರೇ ವಿಂಗಡಿಸಿದ್ದಾರೆ. ಬೆಳಗಾವಿ, ಸಾಂಗಲಿ, ಕೊಲ್ಹಾಪುರದ ನಮ್ಮ ಸಾವಿರಾರು ಜೈನ ಮನೆತನಗಳು ತಲೆತಲಾಂತರದಿಂದ ಒಕ್ಕಲುತನ ಮಾಡುತ್ತ ಬಂದಿವೆ. ಅವರ ಧರ್ಮಶ್ರದ್ಧೆ ನಮಗಿಂತ ಒಂದು ತೂಕ ಹೆಚ್ಚೇ ಇದ್ದೀತು.

ಜೊತೆಗೆ ನಮ್ಮ ಮನೆಯ ಮಾತನ್ನೂ ಆಡಬೇಕು. ನಾವು ತಿನ್ನದ ಉಳ್ಳಾಗಡ್ಡಿಯ ಅಡತ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ಕೀಟನಾಶಕ ಮಾರುವ ಅಂಗಡಿಗಳಲ್ಲಿ ನಮ್ಮವರ ಹೆಸರಿನ ಫಲಕಗಳಿವೆ. ಯಾವ ರೋಗಕ್ಕೆ ಯಾವ ಔಷಧ, ಎಷ್ಟು ಅಳತೆ ಎಂದು ತಿಳಿಯದ ರೈತ ಅಂಗಡಿಯವ ಕೊಟ್ಟಷ್ಟನ್ನೂ ಹೊಡೆಯುತ್ತಾನೆ. ತಿಳಿದವನು ಬೇಕಾದಷ್ಟನ್ನೇ ಹೊಡೆಯುತ್ತಾನೆ. ಹಿಂಸೆ ಕಡಿಮೆಯಾಗುವುದು ಯಾವುದರಿಂದ? ಕೃಷಿ ವಿದ್ಯೆ ಬೇಕಾದವರ ಸಾಲಿನಲ್ಲಿ ನಾವೂ ಇದ್ದೇವೆ. ಬೀಜ, ಗೊಬ್ಬರ, ಔಷಧದ ಅಂಗಡಿಕಾರರಿಗೆಂದೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿದೆ. ವಾರಕ್ಕೊಂದು ದಿನ, ಪೇಟೆಯ ರಜೆಯ ದಿನವೇ ತರಗತಿ. ನಮ್ಮ ಹುಡುಗರು ಅದನ್ನು ಲೈಸೆನ್ಸಿಗಾಗಿ ಮಾತ್ರ ಓದದೆ ತಿಳಿವಳಿಕೆಗಾಗಿ ಓದಿದರೆ ಒಳಿತು.

ಹಾಗೆಂದು ಎಲ್ಲ ತರಬೇತಿಗೂ ಕಣ್ಣುಮುಚ್ಚಿ ಹಣ ಹಾಕಿರೆಂದು ನಾವು ಹೇಳುತ್ತಿಲ್ಲ. ಕೋಳಿ, ಮೀನು, ರೇಷ್ಮೆಹುಳು, ಜೇನು ಇವೆಲ್ಲ ಕೃಷಿ ತರಬೇತಿಯ ಹೆಸರಿನಲ್ಲೇ ಬರುತ್ತವೆ. ಅವಕ್ಕೆ ನಮ್ಮ ದಾನದ ಹಣ ಹೋಗಲು ಮನಸ್ಸು ಒಪ್ಪದಿದ್ದರೆ ಅದು ಸಹಜ. ಒಪ್ಪುವಂಥವು ಏನು ಕಡಿಮೆಯೇ? ಸಸಿಮಡಿ, ಕಸಿ ಕಟ್ಟುವುದು, ಬೀಜೋತ್ಪಾದನೆ, ಹೈನುಗಾರಿಕೆ, ಹನಿ ನೀರಾವರಿ ಕೂಡಿಸುವುದು, ಪಂಪು ಟ್ರ್ಯಾಕ್ಟರು ದುರಸ್ತಿ, ಬೇಳೆ ಮಾಡುವುದು, ಒಣದ್ರಾಕ್ಷಿ ವರ್ಗೀಕರಣ. ಆದರೆ ಒಂದು ಎಚ್ಚರ ಬೇಕು. ಯಾವ ಕಸುಬಿಗೆ ಕೊಡುತ್ತೇವೆಂಬುದನ್ನು ನಾವು ಆರಿಸಬಹುದು. ಕಲಿಯುವವರ ಮನೆಯ ಅಡುಗೆಯನ್ನು ವಿಚಾರಿಸುವುದು ದಾನವಲ್ಲ. ಸಾತಾರೆಯ ಪಂಕ್ತಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ.

ಉದಾಹರಣೆಗೆ ದಾಳಿಂಬೆಯನ್ನೇ ನೋಡಿರಿ. ಸಾಂಗೋಲೆ, ಜತ್ತಿನ ಕಡೆ ಎಷ್ಟೋ ಸಂಸಾರ ಅದರ ಮೇಲೆಯೇ ನಿಂತಿವೆ; ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದು 2005ರಿಂದ ಸೋಲಾಪುರದಲ್ಲಿದೆ. ಬೆಳೆಗಾರರು ‘ತೇಲ್ಯಾ’ ಎಂದು ಕರೆಯುವ ದುಂಡಾಣು ರೋಗ ಬಂದರೆ ತೋಟಕ್ಕೆ ತೋಟವೇ ಹಾಳು. ಆ ರೋಗ ಹೊಸ ತೋಟಕ್ಕೆ ಹೋಗುವ ದೊಡ್ಡ ದಾರಿಯೆಂದರೆ ರೋಗವಿದ್ದ ಗಿಡದಿಂದ ಕಟ್ಟಿದ ಗೂಟಿ ಸಸಿ. ಟೊಂಗೆಯ ಸಿಪ್ಪೆ ಸುಲಿದು, ಹಸಿ ಪಾಚಿ ಸುತ್ತಿ, ಬೇರು ಬಂದಮೇಲೆ ಕತ್ತರಿಸುವ ಈ ಕೆಲಸಕ್ಕೆ ಬೇಕಾದದ್ದು ತಾಳ್ಮೆಯ ಕೈ. ತಾಯಿಗಿಡ ಶುದ್ಧವಿದೆಯೇ ಎಂದು ಗುರುತಿಸಲು ಕಲಿತ ಒಬ್ಬ ಹೆಣ್ಣುಮಗಳು ಸುತ್ತಲಿನ ಹತ್ತು ತೋಟ ಉಳಿಸಬಲ್ಲಳು. ಕಪ್ಪು ಕಲೆಯ ಹಣ್ಣಿನ ಪೆಟ್ಟಿಗೆಯನ್ನು ಅರ್ಧ ದರಕ್ಕೆ ಸವಾಲು ಕೂಗಿ ಬೇಸತ್ತ ಅಡತದಾರರಿಗೆ ಈ ವಿದ್ಯೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಲಿಸುವ ಸ್ಥಳಗಳಿಗೆ ಕೊರತೆಯಿಲ್ಲ. ಹೊಸ ಸಂಸ್ಥೆ ಕಟ್ಟುವ ಆಸೆ ನಮ್ಮ ದಾನಿಗಳಿಗೆ ಬಹಳ, ದಯವಿಟ್ಟು ಕಟ್ಟಬೇಡಿರಿ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾಯಿತು, ಈಗ ಅವು ಏಳುನೂರಕ್ಕಿಂತ ಹೆಚ್ಚಿವೆ. ಕಾಸರಗೋಡಿನವರಿಗೆ ತೋಟಬೆಳೆ ಸಂಶೋಧನಾ ಸಂಸ್ಥೆಯ ಅಂಗಳದಲ್ಲೇ ಒಂದಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಶ್ರೀ ವೀರೇಂದ್ರ ಹೆಗ್ಗಡೆಯವರ ಮುಂದಾಳತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿತು. ನಿರುದ್ಯೋಗಿ ಹಳ್ಳಿ ಯುವಕರಿಗೆ ಕೆಲವೇ ವಾರಗಳ ಕಸುಬಿನ ತರಬೇತಿ. ಊಟ ವಸತಿ ಉಚಿತ. ತರಬೇತಿ ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವುದು. ಅನಂತಪುರದಲ್ಲೂ ಕಣ್ಣೂರಿನಲ್ಲೂ ಅದರ ಶಾಖೆಗಳಿವೆ. ಅದೇ ಮಾದರಿಯನ್ನು ಕೇಂದ್ರ ಸರಕಾರ 2009ರಿಂದ ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಹಬ್ಬಿಸಿದೆ. ಕೇರಳದಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿತು. ಆರು ದಿನದಲ್ಲಿ ಯಂತ್ರದಿಂದ ಮರ ಹತ್ತಲು ಕಲಿಸಿ, ಯಂತ್ರವನ್ನೂ ಕೈಗೆ ಕೊಟ್ಟು, ವಿಮೆ ಮಾಡಿಸಿ ಕಳಿಸುತ್ತಾರೆ. ಹೆಂಗಸರೂ ಕಲಿತು ಮರ ಹತ್ತಿದರು. ಕಲಿತವರ ಕೈಗೆ ಅಂದೇ ಉಪಕರಣ ಬಂದರೆ ಮಾತ್ರ ಕಲಿತದ್ದು ಉಳಿಯುತ್ತದೆ.

ಮಹಾರಾಷ್ಟ್ರದಲ್ಲಿ 2024-25ರಿಂದ, ವರ್ಷದ ವರಮಾನ 8 ಲಕ್ಷದೊಳಗಿರುವ ಆರ್ಥಿಕ ದುರ್ಬಲ, ಓಬಿಸಿ, ಎಸ್‌ಇಬಿಸಿ ಕುಟುಂಬಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಮಾಫಿಯಾಗಿದೆ. ಕೃಷಿ ಪದವಿಯೂ ಅದರಲ್ಲಿ ಬರುತ್ತದೆ. ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ 2023ರಿಂದ ಅರ್ಧ ಟಿಕೆಟ್. ಅಂದಮೇಲೆ ಫೀ ತುಂಬಿ ಶಾಲು ಹೊದಿಸುವ ನಮ್ಮ ಹಳೆಯ ದಾನಕ್ಕೆ ಅನೇಕ ಕಡೆ ಕೆಲಸವೇ ಉಳಿದಿಲ್ಲ. ಉಳಿದದ್ದು ಹಾಸ್ಟೆಲು, ಮೆಸ್ಸು, ಉಳಿದರ್ಧ ಟಿಕೆಟ್ಟು, ನಿಂತ ಕೂಲಿ. ಸರಕಾರದ ಕೈ ಅಲ್ಲಿಯವರೆಗೆ ಬಂದು ನಿಂತಿದೆ. ಅಲ್ಲಿಂದ ಮುಂದೆ ನಮ್ಮದು.

ಗಡಿನಾಡಿನ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಬಹಳ ಜನ ಅದನ್ನು ತಿಳಿಯರು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆಂದು ಪ್ರತ್ಯೇಕ ಅರ್ಹತೆಯ ಕಲಮಿದೆ. ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡು, ಮಂಜೇಶ್ವರ, ಆಲೂರು, ಆದೋನಿ, ರಾಯದುರ್ಗ, ಮಡಕಶಿರಾ ಇಂಥ ತಾಲೂಕುಗಳ ಕನ್ನಡ, ತುಳು ಮನೆಮಾತಿನ ಮಕ್ಕಳು ಅದರಡಿ ಅರ್ಜಿ ಹಾಕಬಹುದು. ಕನ್ನಡ ಭಾಷಾ ಪರೀಕ್ಷೆಯಿರುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ, ತೆಲುಗು, ಮಲಯಾಳ ಓದಿದ ಹುಡುಗರು ಅಲ್ಲೇ ಎಡವುತ್ತಾರೆ. ಬಸದಿಯ ಪಾಠಶಾಲೆಯಲ್ಲಿ ರವಿವಾರ ಎರಡು ತಾಸು ಕನ್ನಡ ಬರೆಯಲು ಕಲಿಸಿದರೆ ಅದೂ ಶಾಸ್ತ್ರದಾನವೇ, ಖರ್ಚಿಲ್ಲದ್ದು. ಕಲಮು, ತಾಲೂಕುಗಳ ಪಟ್ಟಿ, ಕಾಗದಪತ್ರಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಕಷ್ಟ ಇನ್ನೂ ಆಳದ್ದು. ದೇಶದ ಕೃಷಿ ಗಣತಿಯ ಪ್ರಕಾರ 2015-16ರಲ್ಲಿ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ ಸುಮಾರು 14. ಹೊಲದಲ್ಲಿ ಬಾಗಿದ ಬೆನ್ನುಗಳಲ್ಲಿ ಹೆಂಗಸರದು ಎಷ್ಟೆಂಬುದನ್ನು ಯಾವ ಊರಿನ ಬಾಂಧಿನ ಮೇಲೆ ನಿಂತರೂ ಕಾಣಬಹುದು. ನಮ್ಮ ಪರಿಚಯದ ಒಬ್ಬ ತಂಗಿ, ಗಂಡ ತೀರಿದ ಮೇಲೆ, ಹತ್ತು ದಿನದ ಹೈನುಗಾರಿಕೆ ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದು ಬಂದಳು. ಸಾಲ ಕೇಳಲು ಹೋದರೆ ಸಾತಬಾರಾ ಉತಾರೆ ಕೇಳಿದರು. ಉತಾರೆಯಲ್ಲಿ ಇದ್ದದ್ದು ಮೈದುನನ ಹೆಸರು. ಸರ್ಟಿಫಿಕೇಟು ದೇವರ ಗೂಡಿನ ಪಕ್ಕದ ಗೋಡೆಗೆ ಹೋಯಿತು. ಮುದ್ರಾ ಸಾಲವೆಂಬುದು 2015ರಿಂದ ಇದೆ, ಹೈನುಗಾರಿಕೆ ಅದರಲ್ಲಿ ಬರುತ್ತದೆ, ಅಡವಿಡಬೇಕಾಗಿಲ್ಲ ಎಂದು ಆಕೆಗೆ ಹೇಳಿದವರಿಲ್ಲ. ಅರ್ಜಿ ತುಂಬಿಸಿ ಬ್ಯಾಂಕಿಗೆ ಜೊತೆಯಲ್ಲಿ ಹೋದವರಂತೂ ಇಲ್ಲವೇ ಇಲ್ಲ. ಬ್ಯಾಂಕಿನ ಮ್ಯಾನೇಜರು ಕುರ್ಚಿ ಕೊಟ್ಟು ಮಾತಾಡಿಸುವುದು ನಮ್ಮಂಥ ವ್ಯಾಪಾರಿಗಳನ್ನೇ. ಆ ಕುರ್ಚಿಯ ಉಪಯೋಗ ಇಂಥವರಿಗೂ ಆಗಬಾರದೆ?

ಪ್ರಸಂಗ ಬಂದದ್ದರಿಂದ ಇನ್ನೊಂದು ಮಾತು. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 2005ರ ತಿದ್ದುಪಡಿಯಿಂದ ಮನೆತನದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಮಾಲರ ಮಗಳಿಗೆ ನೆಲ ಸಿಗಲೆಂದು ಬರೆಯುವ ಮೊದಲು, ನಮ್ಮ ಮನೆಯ ಮಗಳಿಂದ ‘ಹಕ್ಕು ಬಿಟ್ಟುಕೊಟ್ಟೆ’ ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಳ್ಳುವ ನಮ್ಮ ಪದ್ಧತಿಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಬರೆಯುವ ನಮ್ಮ ಮನೆಯಲ್ಲೂ ಅಂಥ ಒಂದು ಕಾಗದವಿದೆ.

ಈಗ ನಮ್ಮ ಬಸದಿಯಲ್ಲಿ ಏನಾಗಿದೆ ಎಂದು ಹೇಳಿ ಮುಗಿಸುತ್ತೇವೆ. ಆ ಹುಡುಗಿ ಒಂದು ವರ್ಷ ಕಳೆದುಕೊಂಡು ಮತ್ತೆ ಜೂನಿನಲ್ಲಿ ಹೋದಳು. ಫೋಟೋ ಇಲ್ಲ, ಶಾಲು ಇಲ್ಲ. ಪ್ರತಿ ತಿಂಗಳ ಐದನೆಯ ತಾರೀಖಿಗೆ ಮೆಸ್ಸಿನ ಹಣ ನೇರವಾಗಿ ಮೆಸ್ಸಿಗೇ ಹೋಗುತ್ತದೆ. ತಂದೆ ಬಂದು ಕೇಳಬೇಕಾಗಿಲ್ಲ. ನಿಂತ ಕೂಲಿಗೆ ಬದಲಾಗಿ ಮನೆಗೆ ಜೋಳ, ಬೇಳೆಯನ್ನು ನಮ್ಮ ಶ್ರಾವಿಕೆಯರು ಹಿಡಿಹಿಡಿಯಾಗಿ ಕೂಡಿಸಿ ಮುಟ್ಟಿಸುತ್ತಾರೆ. ಇದನ್ನು ಸೂಚಿಸಿದವರು ಕುಂಭೋಜದಿಂದ ಸೊಸೆಯಾಗಿ ಬಂದ ಒಬ್ಬ ಕಾಕು. ಸವಾಲಿನ ಹಣದಲ್ಲಿ ಒಂದು ಪಾಲನ್ನು ಹೀಗೆ ಮೂವರಿಗೆ ಎರಡು ವರ್ಷಕ್ಕೆ ಕಟ್ಟಿಟ್ಟಿದ್ದೇವೆ. ಹತ್ತು ಜನರಿಗೆ ಒಂದೊಂದು ಸಲ ಕೊಡುವ ಬದಲು ಮೂವರಿಗೆ ಕೊನೆಯವರೆಗೆ ಕೊಡುವುದು ಎಂದು ತೀರ್ಮಾನವಾಯಿತು. ಇದಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ.

ಬಸದಿಯ ಹೆಸರಿನಲ್ಲಿ ಊರ ಹೊರಗೆ ಒಂದಿಷ್ಟು ಜಮೀನಿದೆ. ತರಬೇತಿ ಪಡೆದ ನಾಲ್ಕು ಜನ ಹೆಣ್ಣುಮಕ್ಕಳಿಗೆ ಸಸಿಮಡಿ ಮಾಡಲು ಅದರಲ್ಲಿ ಹತ್ತು ಗುಂಟೆಯನ್ನು ಒಂದು ಹಂಗಾಮಿಗೆ ಕೊಡಬೇಕೆಂಬ ವಿಚಾರ ಮುಂದಿದೆ. ಟ್ರಸ್ಟಿನ ಜಮೀನನ್ನು ಹಾಗೆ ಕೊಡಲು ಬರುತ್ತದೆಯೇ, ಕರಾರು ಹೇಗಿರಬೇಕು ಎಂದು ವಕೀಲರನ್ನು ಕೇಳಿದ್ದೇವೆ. ಬಾವಿಯ ನೀರು ಬೇಸಿಗೆಗೆ ಸಾಲುತ್ತದೆಯೇ ಎಂಬುದು ಇನ್ನೊಂದು ಚಿಂತೆ. ಜೀವಹಿಂಸೆಯ ಪ್ರಶ್ನೆ ಕೇಳಿದ ವಯೋವೃದ್ಧರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಕಳೆದ ವಾರ ತಾವೇ ಕೋಲೂರಿಕೊಂಡು ಹೋಗಿ ಬಾವಿ ನೋಡಿಬಂದಿದ್ದಾರೆ. ಬರುವ ಹುಣ್ಣಿಮೆಯ ಸಭೆಯಲ್ಲಿ ಏನು ಹೇಳುತ್ತಾರೋ ಕಾಯುತ್ತಿದ್ದೇವೆ.